‘ಡಾಕ್ಟರ್ ಹೇಳಿದರು, ಕಟ್ಟಿದೆವು’ ಎಂದರೆ ಸಾಕೇ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷದಿಂದ ಜಿಲ್ಲಾ ಕೇಂದ್ರವೊಂದರ ಖಾಸಗಿ ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವಾರ ರಾತ್ರಿ ಪಾಳಿಯಲ್ಲಿ 26 ವರ್ಷದ ರೋಗಿಯೊಬ್ಬರು ಪಕ್ಕದ ಹಾಸಿಗೆಯವರ ಮೇಲೆ ಕೈ ಮಾಡಿದರು. 22 ರೋಗಿಗಳಿಗೆ ನಾನೊಬ್ಬಳೇ ನರ್ಸ್, ಜೊತೆಗೆ ಇಬ್ಬರು ಅಟೆಂಡರ್‌ಗಳು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ‘ಕಟ್ಟಿ, ಎಸ್‌ಓಎಸ್ (ಅಗತ್ಯ ಬಿದ್ದಾಗ ಕೊಡುವ) ಇಂಜೆಕ್ಷನ್ ಕೊಡಿ’ ಎಂದರು. ರಾತ್ರಿ ಹನ್ನೊಂದೂವರೆಗೆ ಕಟ್ಟಿದ್ದನ್ನು ಬಿಚ್ಚಿದ್ದು ಬೆಳಿಗ್ಗೆ ಆರೂವರೆಗೆ. ಕೇಸ್ ಶೀಟಿನಲ್ಲಿ ‘ಚಡಪಡಿಸುತ್ತಿದ್ದರು, ಇಂಜೆಕ್ಷನ್ ಕೊಡಲಾಯಿತು, ನಿದ್ರಿಸಿದರು’ ಎಂದಷ್ಟೇ ಬರೆದೆ. ಮಗನ ಮಣಿಕಟ್ಟಿನ ಗಾಯ ನೋಡಿ ತಾಯಿ ಗಲಾಟೆ ಮಾಡಿದರು. ಈಗ ವಕೀಲರ ನೋಟಿಸ್ ಬಂದಿದೆ. ‘ಆ ಹಾಳೆ ತೆಗೆದು ಹೊಸದು ಬರೆದುಬಿಡು’ ಎನ್ನುತ್ತಿದ್ದಾರೆ ಇನ್‌ಚಾರ್ಜ್ ಸಿಸ್ಟರ್. ಅಟೆಂಡರ್ ಒಬ್ಬ ತೆಗೆದ ವಿಡಿಯೊ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿದೆ. ವೈದ್ಯರು ಹೇಳಿದ್ದನ್ನು ಮಾಡಿದ್ದು ತಪ್ಪೇ? ನನ್ನ ನೋಂದಣಿ ಹೋಗುತ್ತದೆಯೇ? ಇನ್ನೊಂದು ವಿಷಯ: ಮಾತ್ರೆ ನುಂಗದ ರೋಗಿಗೆ ಕಾಫಿಯಲ್ಲಿ ಕಲಸಿ ಕೊಡಿ ಎಂದು ಮನೆಯವರು ದಿನವೂ ಒತ್ತಾಯಿಸುತ್ತಾರೆ. ಕೊಡಬಹುದೇ ಮೇಡಂ?

ಉತ್ತರ: ಸಿಸ್ಟರ್, ಮಿಕ್ಕಿದ್ದನ್ನೆಲ್ಲ ಆಮೇಲೆ ಓದಿದರೂ ನಡೆಯುತ್ತದೆ, ಇದೊಂದನ್ನು ಈಗಲೇ ಓದಿ. ಆ ಹಾಳೆಯನ್ನು ಮುಟ್ಟಬೇಡಿ. ಹರಿಯಬೇಡಿ, ಬದಲಿಸಬೇಡಿ, ಬಿಳಿ ಬಣ್ಣ ಬಳಿಯಬೇಡಿ, ಎರಡು ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಏನನ್ನೂ ತುರುಕಬೇಡಿ. ಆ ರಾತ್ರಿ ಆದದ್ದಕ್ಕೆ ಸಂದರ್ಭವಿತ್ತು, ಕಾರಣವಿತ್ತು, ನಿಮ್ಮ ಜೊತೆ ಇನ್ನೂ ನಾಲ್ಕು ಜನರ ಪಾಲಿತ್ತು. ಹಾಳೆ ಬದಲಿಸಿದರೆ ಆ ತಪ್ಪು ಪೂರ್ತಿ ನಿಮ್ಮೊಬ್ಬರದಾಗುತ್ತದೆ, ಏಕೆಂದರೆ ಹೊಸ ಹಾಳೆಯಲ್ಲಿರುವುದು ನಿಮ್ಮ ಕೈಬರಹ. ಇನ್‌ಚಾರ್ಜ್ ಸಿಸ್ಟರ್ ಅದನ್ನು ಬಾಯಲ್ಲಿ ಹೇಳಿದ್ದಾರೆಯೇ ಹೊರತು ಬರೆದು ಕೊಟ್ಟಿಲ್ಲ, ಗಮನಿಸಿ.

ಬಿಟ್ಟುಹೋದದ್ದನ್ನು ಸೇರಿಸಲು ನೇರ ದಾರಿಯೇ ಇದೆ. ಕೇಸ್ ಶೀಟಿನಲ್ಲಿ ಈಗ ಎಲ್ಲಿಯವರೆಗೆ ಬರೆದಿದೆಯೋ ಅದರ ಕೆಳಗೆ, ಇಂದಿನ ತಾರೀಖು ಮತ್ತು ಸಮಯ ಹಾಕಿ, ‘ತಡವಾಗಿ ಬರೆದ ಟಿಪ್ಪಣಿ’ ಎಂದು ಸ್ಪಷ್ಟವಾಗಿ ನಮೂದಿಸಿ. ಯಾವ ರಾತ್ರಿಯ ವಿಷಯ, ಎಷ್ಟು ಗಂಟೆಗೆ ಏನಾಯಿತು, ಯಾರಿಗೆ ಫೋನ್ ಮಾಡಿದಿರಿ, ಅವರು ಏನೆಂದರು, ಎಷ್ಟು ಹೊತ್ತಿಗೆ ಕಟ್ಟಿದಿರಿ, ಯಾವಾಗ ಬಿಚ್ಚಿದಿರಿ ಎಂದು ಬರೆದು ಸಹಿ ಮಾಡಿ. ನೆನಪಿಲ್ಲದ್ದನ್ನು ‘ನೆನಪಿಲ್ಲ’ ಎಂದೇ ಬರೆಯಿರಿ. ನಿಮ್ಮ ಮೊಬೈಲಿನ ಕರೆಪಟ್ಟಿಯಲ್ಲಿ ಡ್ಯೂಟಿ ಡಾಕ್ಟರಿಗೆ ಮಾಡಿದ ಕರೆಯ ಸಮಯ ಇರುತ್ತದೆ, ಅದನ್ನು ನೋಡಿಕೊಂಡೇ ಬರೆಯಿರಿ. ಆದರೆ ನೋಟಿಸ್ ಬಂದಾಗಿದೆ; ಆದ್ದರಿಂದ ಪೆನ್ನು ಎತ್ತುವ ಮೊದಲು ವಕೀಲರೊಬ್ಬರನ್ನು ಕೇಳಿ. ಆಸ್ಪತ್ರೆಯ ವಕೀಲರನ್ನಲ್ಲ, ನಿಮ್ಮವರನ್ನು. ಆಸ್ಪತ್ರೆಯ ಹಿತವೂ ನಿಮ್ಮ ಹಿತವೂ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಸಂಬಳ ನೋಡಿದರೆ ವಕೀಲರನ್ನು ಇಡುವುದು ಹೇಗೆಂದು ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನಿಮ್ಮ ನ್ಯಾಯಾಲಯದ ಆವರಣದಲ್ಲೇ ಇದೆ, ಮತ್ತು ಆದಾಯ ಎಷ್ಟೇ ಇರಲಿ, ಮಹಿಳೆಯರು ಅಲ್ಲಿ ಉಚಿತ ನೆರವಿಗೆ ಅರ್ಹರು.

ಈಗ ಆ ರಾತ್ರಿಯ ವಿಚಾರಕ್ಕೆ ಬರೋಣ.

ನಮ್ಮ ಕೆಲಸವನ್ನು ಇಂದು ಆಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 1912ರಲ್ಲಿ ಬ್ರಿಟಿಷರ ಕಾಲದ ಕಾಯ್ದೆಯೊಂದಿತ್ತು, ಅದರ ಹೆಸರಿನಲ್ಲೇ ‘ಹುಚ್ಚು’ ಎಂಬ ಪದವಿತ್ತು. 1987ರಲ್ಲಿ ಬೇರೆಯದು ಬಂತು. 2018ರಿಂದ ಈಗಿನದು ಜಾರಿಯಲ್ಲಿದೆ. ಹಳೆಯ ಕಾಯ್ದೆಗಳು ಯಾರನ್ನು ಹೇಗೆ ಒಳಗೆ ಸೇರಿಸಿಕೊಳ್ಳಬೇಕು ಎಂಬುದನ್ನೇ ಹೆಚ್ಚಾಗಿ ಹೇಳಿದವು. ಒಳಗೆ ಬಂದವರ ಹಕ್ಕೇನು ಎಂಬುದನ್ನು ಈ ಕಾಯ್ದೆ ಒಂದೊಂದಾಗಿ ಎಣಿಸಿ ಹೇಳಿದೆ. ಸ್ವಂತ ಬಟ್ಟೆ ತೊಡುವುದು, ತಲೆ ಬೋಳಿಸಿಕೊಳ್ಳದೆ ಇರುವುದು, ಮುಟ್ಟಿನ ದಿನಗಳಲ್ಲಿ ಬೇಕಾದ ಸಾಮಗ್ರಿ ಸಿಗುವುದು ಕೂಡ ಅಲ್ಲಿ ಹಕ್ಕುಗಳೇ. ಇಂಥವನ್ನೂ ಬರೆದಿಡಬೇಕಾಯಿತಲ್ಲ ಎಂದು ತರಗತಿಯಲ್ಲಿ ಮೊದಲ ಸಲ ಪಾಠ ಮಾಡಿದಾಗ ನನಗೆ ನಾಚಿಕೆಯಾಗಿತ್ತು.

ನಿಮಗೆ ಬೇಕಾದದ್ದು 97ನೇ ಸೆಕ್ಷನ್. ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ಅದು ಪೂರ್ತಿ ನಿಷೇಧಿಸುತ್ತದೆ. ಕಟ್ಟುವುದನ್ನು, ಅಂದರೆ ರೆಸ್ಟ್ರೇಂಟನ್ನು, ನಿಷೇಧಿಸುವುದಿಲ್ಲ. ಬಾಗಿಲನ್ನು ಬಹಳ ಕಿರಿದು ಮಾಡುತ್ತದೆ. ರೋಗಿಗೋ ಬೇರೆಯವರಿಗೋ ಆ ಕ್ಷಣದಲ್ಲೇ ಆಗಲಿರುವ ಅಪಾಯ ತಡೆಯಲು ಅದೊಂದೇ ದಾರಿ ಉಳಿದಿರಬೇಕು. ಆ ರೋಗಿಯ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಇರಬೇಕು. ಎಷ್ಟು ಹೊತ್ತು ಅನಿವಾರ್ಯವೋ ಅಷ್ಟೇ ಹೊತ್ತು. ಯಾವ ವಿಧಾನ, ಯಾಕೆ, ಎಷ್ಟು ಹೊತ್ತು ಎಂಬುದೆಲ್ಲ ದಾಖಲೆಯಲ್ಲಿರಬೇಕು. ಕಟ್ಟಿರುವಷ್ಟು ಹೊತ್ತೂ ವೈದ್ಯಕೀಯ ಸಿಬ್ಬಂದಿಯ ಕಣ್ಣು ರೋಗಿಯ ಮೇಲಿರಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ನಿಲ್ಲುವವರಿಗೆ, 24 ಗಂಟೆಯೊಳಗೆ ತಿಳಿಸಬೇಕು, ತಿಂಗಳಿಗೊಮ್ಮೆ ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ, ಅದನ್ನು ನಿಮ್ಮ ಆಡಳಿತ ಮಂಡಳಿ ಓದಬೇಕು: ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟುವಂತಿಲ್ಲ. 22 ಜನರಿಗೆ ನಾನೊಬ್ಬಳೇ ಇದ್ದೆ ಎಂದು ನೀವು ಬರೆದಿದ್ದೀರಿ. ನನಗೆ ಅದು ಅರ್ಥವಾಗುತ್ತದೆ. ಕಾಯ್ದೆಗೆ ಅದು ಕಟ್ಟಿದ್ದಕ್ಕೆ ಸಮರ್ಥನೆಯಾಗುವುದಿಲ್ಲ; ಆಸ್ಪತ್ರೆಯ ವಿರುದ್ಧದ ಸಾಕ್ಷ್ಯವಾಗುತ್ತದೆ. ಹಾಗಾಗಿ ಆ ಸಂಖ್ಯೆಯನ್ನು ಮುಚ್ಚಿಡಬೇಡಿ, ನಿಮ್ಮ ಉತ್ತರದಲ್ಲಿ ಮೊದಲ ಸಾಲಿನಲ್ಲೇ ಹಾಕಿ. ಅಂದಿನ ಡ್ಯೂಟಿ ರೋಸ್ಟರಿನ ಪ್ರತಿಯನ್ನೂ ಇಟ್ಟುಕೊಳ್ಳಿ.

ಇದನ್ನು ಬರೀ ನಿಯಮಗಳ ಪಟ್ಟಿ ಎಂದುಕೊಳ್ಳಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಖಾಸಗಿಯವರು ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. ಓಡಲಾಗದೆ 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇಂದು 95ನೇ ಸೆಕ್ಷನ್ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ನೀವು ಕಟ್ಟಿದ್ದು ಸರಪಳಿಯಲ್ಲಿ ಅಲ್ಲ, ಸರಿ. ಆದರೆ ಕಟ್ಟಿಸಿಕೊಂಡವರು ಎದ್ದು ಓಡಲಾರರು ಎಂಬುದು ಎರಡಕ್ಕೂ ಒಂದೇ.

ವೈದ್ಯರು ಹೇಳಿದ್ದನ್ನು ಮಾಡಿದ್ದು ತಪ್ಪೇ ಎಂದು ಕೇಳಿದ್ದೀರಿ. ಪಕ್ಕದವರಿಗೆ ಹೊಡೆಯುತ್ತಿದ್ದವರನ್ನು ತಡೆದದ್ದು ತಪ್ಪಲ್ಲ. ಫೋನ್ ಮಾಡಿದ್ದು ಸರಿ. ಡ್ಯೂಟಿ ಡಾಕ್ಟರ್ ಎಂಬಿಬಿಎಸ್ ವೈದ್ಯರಾಗಿದ್ದರೆ ಅವರು ತಾವೇ ಮನೋವೈದ್ಯರಿಗೆ ಫೋನ್ ಮಾಡಬೇಕಿತ್ತು, ವಾರ್ಡಿಗೆ ಬಂದು ನೋಡಬೇಕಿತ್ತು. ಅದು ಅವರ ಪಾಲು. ನಿಮ್ಮ ಪಾಲು ಬೇರೆ. ನೀವು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನಿಮ್ಮದೇ ಹೆಸರಲ್ಲಿ ನೋಂದಣಿ ಮಾಡಿಸಿಕೊಂಡವರು, ನೋಂದಣಿ ಸಂಖ್ಯೆ ನಿಮ್ಮದು. ಆದೇಶ ಕೊಡುವುದು ವೈದ್ಯರ ಕೆಲಸವಾದರೆ, ಅದು ಸಂಶಯವಾಗಿದ್ದಾಗ ಮರುಪ್ರಶ್ನೆ ಹಾಕುವುದು ನಮ್ಮ ವೃತ್ತಿಯ ಕೆಲಸ. ‘ಸರ್, ಎಷ್ಟು ಹೊತ್ತು ಕಟ್ಟಬೇಕು? ಕನ್ಸಲ್ಟೆಂಟ್ ಮನೋವೈದ್ಯರಿಗೆ ತಿಳಿಸಿದಿರಾ? ಯಾವ ಔಷಧ, ಎಷ್ಟು ಮಿಲಿಗ್ರಾಂ?’ ಎಂದು ಕೇಳಿ, ಅವರು ಹೇಳಿದ್ದನ್ನು ಫೋನಿನಲ್ಲೇ ಓದಿ ಹೇಳಿ, ಇನ್ನೊಬ್ಬ ಸಿಬ್ಬಂದಿಗೆ ಕೇಳಿಸಿ, ಆಮೇಲೆ ಬರೆದುಕೊಳ್ಳಬೇಕು. ಬೆಳಿಗ್ಗೆ ವೈದ್ಯರ ಸಹಿ ಹಾಕಿಸಿಕೊಳ್ಳಬೇಕು. ಇದಕ್ಕೆ ಎರಡು ನಿಮಿಷ ಬೇಕು. ಆ ರಾತ್ರಿ ಎರಡು ನಿಮಿಷ ಎಲ್ಲಿತ್ತು ಎನ್ನುತ್ತೀರಿ. ನಿಜ. ಆದರೆ ಹನ್ನೆರಡು ಗಂಟೆಗೆ ಗಲಾಟೆ ನಿಂತ ಮೇಲೆ ಇತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಪ್ಪು ಹನ್ನೊಂದೂವರೆಯಲ್ಲಿಲ್ಲ, ಹನ್ನೊಂದೂವರೆಯಿಂದ ಆರೂವರೆಯವರೆಗೆ ಇದೆ. ಇಂಜೆಕ್ಷನ್ ಕೆಲಸ ಮಾಡಿ ರೋಗಿ ನಿದ್ದೆ ಹೋದ ಮೇಲೆ ‘ಆ ಕ್ಷಣದ ಅಪಾಯ’ ಎಲ್ಲಿತ್ತು? ಆಗಲೇ ಬಿಚ್ಚಬೇಕಿತ್ತು. ಎದ್ದರೆ ಮತ್ತೆ ಹೊಡೆಯಬಹುದೆಂಬ ಭಯಕ್ಕೆ ಬಿಚ್ಚಲಿಲ್ಲ ಎಂದುಕೊಳ್ಳುತ್ತೇನೆ. ಅಲ್ಲಿಗೆ ಅದು ಚಿಕಿತ್ಸೆಯ ಗಡಿ ದಾಟಿ ನಮ್ಮ ನೆಮ್ಮದಿಗಾಗಿ ಕಟ್ಟಿದ್ದಾಯಿತು.

ಗಾಯ ಎಂದಿರಿ. ರೋಲರ್ ಬ್ಯಾಂಡೇಜಿನಲ್ಲಿ ಕಟ್ಟಿದ್ದಿರಬೇಕು. ಕೈಗೆ ಸಿಗುವುದು ಅದೇ. ಎಳೆದಾಡಿದ ಹಾಗೆಲ್ಲ ಅದು ಹೊಸೆದುಕೊಂಡು ದಾರವಾಗಿ ಚರ್ಮಕ್ಕೆ ಇಳಿಯುತ್ತದೆ. ಮಣಿಕಟ್ಟಿನ ಸುತ್ತ ಮೊದಲು ದಪ್ಪ ಹತ್ತಿಯ ಪಟ್ಟಿ, ಅದರ ಮೇಲೆ ಅಗಲದ ಬಟ್ಟೆ. ನಡುವೆ ಎರಡು ಬೆರಳು ಸರಾಗವಾಗಿ ತೂರಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು, ರೋಗಿಯ ಕೈಗೆ ಎಟುಕಬಾರದು. ಮಂಚದ ಚೌಕಟ್ಟಿಗೆ ಕಟ್ಟಬೇಕು, ಮೇಲೆ ಕೆಳಗೆ ಆಡುವ ಪಕ್ಕದ ಕಂಬಿಗಲ್ಲ. ಯಾರಾದರೂ ಕಂಬಿ ಇಳಿಸಿದರೆ ತೋಳೂ ಅದರ ಜೊತೆ ಹೋಗುತ್ತದೆ. ಬೋರಲು ಮಲಗಿಸಿ ಕಟ್ಟಲೇಬಾರದು, ಬೆನ್ನ ಮೇಲೆ ಮೊಣಕಾಲು ಊರಲೇಬಾರದು, ಉಸಿರು ಸಿಕ್ಕಿಕೊಂಡು ಜೀವ ಹೋಗುವುದು ಹೀಗೆಯೇ. ಹದಿನೈದು ನಿಮಿಷಕ್ಕೊಮ್ಮೆ ಬಂದು ಉಗುರನ್ನು ಒತ್ತಿ ಬಿಡಿ: ಬೆಳ್ಳಗಾದದ್ದು ಕೂಡಲೇ ಕೆಂಪಾಗಬೇಕು. ಬೆರಳು ತಣ್ಣಗಿದೆಯೇ, ಊದಿದೆಯೇ, ಉಸಿರಾಟ ಹೇಗಿದೆ, ಇಂಜೆಕ್ಷನ್ ಆದ ಮೇಲೆ ರಕ್ತದೊತ್ತಡ ಎಷ್ಟಿದೆ. ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಕೊಟ್ಟಿದ್ದರೆ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತಿದೆಯೇ, ಕಣ್ಣುಗುಡ್ಡೆ ಮೇಲೆ ಹೋಗುತ್ತಿದೆಯೇ. ಕಟ್ಟಿಹಾಕಿಸಿಕೊಂಡವರು ಅದನ್ನು ಕೈಸನ್ನೆ ಮಾಡಿಯೂ ಹೇಳಲಾರರು. ನೀರು ಕೇಳಿ, ಮೂತ್ರಕ್ಕೆ ಕೇಳಿ. ಎರಡು ಗಂಟೆಗೊಮ್ಮೆ ಒಂದೊಂದೇ ಕೈಕಾಲು ಬಿಚ್ಚಿ ಆಡಿಸಿ. ಇದು ನಾವು ಕಲಿಸಿಕೊಟ್ಟ ಪದ್ಧತಿ, ಪ್ರತಿ ಸಲವೂ ಸಮಯದ ಸಮೇತ ಒಂದು ಸಾಲು. ಆ ಏಳು ಗಂಟೆಗೆ ಇಪ್ಪತ್ತೆಂಟು ಸಾಲು ಇರಬೇಕಿತ್ತು. ನಿಮ್ಮ ಹಾಳೆಯಲ್ಲಿ ಇರುವುದು ‘ನಿದ್ರಿಸಿದರು’.

ಆ ಪದ ನನಗೂ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಸ್ಪತ್ರೆಯ ಹೆಸರು ಬೇಡ, ಬೆಳಗಿನ ಜಾವ ಐದಕ್ಕೆ ಎದ್ದು ಕುಳಿತು ಎಲ್ಲ ಕೇಸ್ ಶೀಟಿಗೂ ಸಾಲಾಗಿ ‘ಚೆನ್ನಾಗಿ ನಿದ್ರಿಸಿದರು’ ಎಂದು ಬರೆಯುತ್ತಿದ್ದೆ. ಒಂದು ಬೆಳಿಗ್ಗೆ ರೌಂಡ್ಸಿನಲ್ಲಿ ಪ್ರೊಫೆಸರ್ ಅದನ್ನು ಗಟ್ಟಿಯಾಗಿ ಓದಿ ರೋಗಿಯ ಕಡೆ ನೋಡಿದರು. ಆತ ಬಹಳ ವಿನಯದಿಂದ ಹೇಳಿದ: ‘ಇಲ್ಲ ಸಾರ್, ನನಗೆ ನಿದ್ದೆ ಬರಲಿಲ್ಲ. ಸಿಸ್ಟರ್‌ಗೆ ಬಂದಿತ್ತು. ಚಳಿಯಾದೀತೆಂದು ನಾನೇ ಅವರ ಫ್ಯಾನ್ ಆರಿಸಿ ಬಂದೆ.’ ಇಡೀ ವಾರ್ಡು ನಕ್ಕಿತು. ಪ್ರೊಫೆಸರ್ ನಗಲಿಲ್ಲ. ಅಂದಿನಿಂದ ಕಾಣದ್ದನ್ನು ಬರೆದಿಲ್ಲ, ಆದರೆ ಅದಕ್ಕೆ ಮೊದಲು ಬರೆದ ಹಾಳೆಗಳು ಯಾವುದೋ ದಾಖಲೆ ಕೋಣೆಯಲ್ಲಿ ಇನ್ನೂ ಇರಬಹುದು.

ತಾಯಿಯ ವಿಚಾರ. ಆ ಯುವಕ ತನ್ನ ಪ್ರತಿನಿಧಿ ಯಾರೆಂದು ಬರೆದುಕೊಟ್ಟಿದ್ದಾನೆಯೇ ನೋಡಿ. ಬರೆದುಕೊಡದಿದ್ದರೆ ಸಂಬಂಧಿಕರು, ಆರೈಕೆ ಮಾಡುವವರು ಎಂದು ಕಾಯ್ದೆಯೇ ಒಂದು ಕ್ರಮ ಹೇಳಿದೆ. ಬಹುಶಃ ತಾಯಿಯೇ ಆಗಿರುತ್ತಾರೆ. ಅವರಿಗೆ ಯಾರೂ ಫೋನ್ ಮಾಡಲಿಲ್ಲ, ಮಗನ ಕೈ ನೋಡಿ ತಿಳಿಯಿತು. ನೋಟಿಸಿನಲ್ಲಿ ಉಳಿದದ್ದೇನೇ ಇರಲಿ, ಈ ಒಂದು ಅಂಶಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಗಲಾಟೆ ಮಾಡಿದರು ಎಂದು ಬರೆದಿದ್ದೀರಿ. ನಿಮ್ಮ ಉತ್ತರದಲ್ಲಿ ಆ ಪದ ಬಳಸಬೇಡಿ.

ಶಿಕ್ಷೆಯ ಬಗ್ಗೆ ನಿಮಗೆ ನಿದ್ದೆ ಬರುತ್ತಿಲ್ಲ ಎಂದು ಊಹಿಸಬಲ್ಲೆ. 108ನೇ ಸೆಕ್ಷನ್ ಪ್ರಕಾರ ಈ ಕಾಯ್ದೆಯನ್ನು ಉಲ್ಲಂಘಿಸಿದ ಯಾರಿಗೇ ಆಗಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ; ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 50,000ದಿಂದ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ‘ಯಾರಿಗೇ ಆಗಲಿ’ ಎಂಬುದರಲ್ಲಿ ವೈದ್ಯರು, ಮಾಲೀಕರು, ನರ್ಸು ಎಲ್ಲರೂ ಬಂದರು. ಪರಿಹಾರದ ಹಣಕ್ಕೆ ಗ್ರಾಹಕರ ಆಯೋಗಕ್ಕೆ ಹೋದರೆ ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆ ಹೊರಬೇಕಾಗುತ್ತದೆ. ನೋಂದಣಿಯ ಮಾತು ಬಂದರೆ ಪರಿಷತ್ತು ವಿಚಾರಣೆ ನಡೆಸಿ, ನಿಮ್ಮ ಮಾತು ಕೇಳಿಯೇ ತೀರ್ಮಾನಿಸಬೇಕು. ಒಂದು ನೋಟಿಸಿಗೆ ನೋಂದಣಿ ಹಾರಿಹೋಗುವುದಿಲ್ಲ. ಆದರೆ ತಿದ್ದಿದ ದಾಖಲೆಯ ಜೊತೆ ಅಲ್ಲಿ ನಿಂತವರನ್ನು ಯಾರೂ ಉಳಿಸಲಾರರು.

ಇಲ್ಲಿ ಒಂದು ಅಡ್ಡಮಾತು, ನಿಮ್ಮ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ದೇವರ ದಯೆ. 2024ರ ಜುಲೈಯಿಂದ ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಸೆರೆ ಎನ್ನುತ್ತದೆ. ವೈದ್ಯಕೀಯ ಕಾರ್ಯವಿಧಾನದ ವೇಳೆ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ‘ನೋಂದಾಯಿತ ವೈದ್ಯರು’ ಎಂದರೆ ಯಾರು ಎಂಬ ವಿವರಣೆಯಲ್ಲಿ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಮಾತ್ರ ಬರುತ್ತಾರೆ. ನರ್ಸುಗಳಿಗೆ ಆ ರಿಯಾಯಿತಿ ಇಲ್ಲ. ಆದೇಶ ಕೊಟ್ಟವರಿಗೆ ಎರಡು, ಪಾಲಿಸಿದವರಿಗೆ ಐದು. ನಮ್ಮ ಸಂಘಟನೆಗಳು ಇದರ ಬಗ್ಗೆ ಇನ್ನಷ್ಟು ಗಟ್ಟಿಯಾಗಿ ಮಾತಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅದಾಗುವವರೆಗೆ, ಮುಂದಿನ ಸಲ ಫೋನಿನಲ್ಲಿ ‘ಕಟ್ಟಿ’ ಎಂದಾಗ ಈ ಎರಡು ಸಂಖ್ಯೆಗಳು ನೆನಪಿರಲಿ.

ವಿಡಿಯೊ ವಿಷಯ ನನಗೆ ಹೆಚ್ಚು ಸಿಟ್ಟು ತರಿಸಿತು. ರೋಗಿಯ ಗೋಪ್ಯತೆಯ ಹಕ್ಕು 23 ಮತ್ತು 24ನೇ ಸೆಕ್ಷನ್‌ಗಳಲ್ಲಿದೆ, ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಅದು ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಿದೆ. ಸಿಬ್ಬಂದಿಯ ಗುಂಪು ಎಂದರೆ ಖಾಸಗಿ ಎಂದುಕೊಂಡಿದ್ದೀರಿ. ಅದರಲ್ಲಿ ಕೆಲಸ ಬಿಟ್ಟುಹೋದವರೂ ಇರುತ್ತಾರೆ. ‘ಇದನ್ನು ಯಾರೂ ಮುಂದೆ ಕಳುಹಿಸಬೇಡಿ’ ಎಂದು ಅದೇ ಗುಂಪಿನಲ್ಲಿ ಬರೆಯಿರಿ, ಆಡಳಿತಕ್ಕೆ ಲಿಖಿತವಾಗಿ ತಿಳಿಸಿ. ಅಳಿಸಿಹಾಕುವ ಆತುರ ಬೇಡ. ನೋಟಿಸ್ ಬಂದ ಮೇಲೆ ಅದು ಸಾಕ್ಷ್ಯ, ಏನು ಮಾಡಬೇಕೆಂದು ನಿಮ್ಮ ವಕೀಲರು ಹೇಳಲಿ. ಗೋಪ್ಯತೆ ಮುರಿಯುವುದು ಮೊಬೈಲಿನಿಂದ ಮಾತ್ರವಲ್ಲ ಬಿಡಿ. ಗಂಡು ನೋಡಲು ಬಂದವರ ಕಡೆಯವರು ವಾರ್ಡಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಇಂಥವರು ಇದ್ದರಂತಲ್ಲ’ ಎಂದು ಕೇಳಿದ್ದು ನನಗೆ ಲೆಕ್ಕವಿಲ್ಲದಷ್ಟು ಸಲ. ‘ಇಲ್ಲ’ ಎಂದರೂ ಸುಳಿವು ಕೊಟ್ಟಂತೆಯೇ. ‘ನಾವು ಯಾರ ಬಗ್ಗೆಯೂ ಹೇಳುವುದಿಲ್ಲ’ ಎನ್ನಬೇಕು, ವಾರ್ಡಿನಲ್ಲಿ ಇರದವರ ಬಗ್ಗೆ ಕೇಳಿದರೂ ಅದೇ.

ಈಗ ಕಾಫಿ. ವಾರ್ಡಿನಲ್ಲಿ ಬೇಡ. ತಾನಾಗಿ ಬಂದು ದಾಖಲಾದ ರೋಗಿಗೆ ಅವರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಬೆಂಬಲಿತ ದಾಖಲಾತಿಯಲ್ಲಿ, ಅಂದರೆ ಪ್ರತಿನಿಧಿಯ ಅರ್ಜಿಯ ಮೇಲೆ, ಸೇರಿದವರನ್ನೂ ಎಷ್ಟು ಮಟ್ಟಿಗೆ ನಿರ್ಧರಿಸಬಲ್ಲರೋ ಅಷ್ಟು ಕೇಳಬೇಕು; ತಮಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಮುಂಗಡ ನಿರ್ದೇಶನ ಬರೆದಿಟ್ಟಿದ್ದರೆ ನೋಡಬೇಕು. ಕಾನೂನು ಹಾಗಿರಲಿ, ಕೈಗೆ ಕಾಣುವ ಕಾರಣಗಳೇ ಸಾಕು. ಅರ್ಧ ಲೋಟ ಕುಡಿದು ಇಟ್ಟರೆ ಎಷ್ಟು ಮಿಲಿಗ್ರಾಂ ಹೋಯಿತು? ಲಿಥಿಯಂ ಎಂಬ ಮಾತ್ರೆಯಾದರೆ ಸ್ವಲ್ಪ ಹೆಚ್ಚಾದರೂ ವಿಷ. ಕ್ಲೊಜಪೀನ್ ಎಂಬ ಮಾತ್ರೆಯಾದರೆ ಆಗಾಗ ರಕ್ತ ಪರೀಕ್ಷೆ ಬೇಕು, ಔಷಧವೇ ತೆಗೆದುಕೊಳ್ಳುತ್ತಿಲ್ಲ ಎಂದುಕೊಂಡವರ ತೋಳಿಗೆ ಯಾವ ನೆಪದಲ್ಲಿ ಸೂಜಿ ಚುಚ್ಚುತ್ತೀರಿ? ಒಂದು ದಿನ ಲೋಟದ ತಳದಲ್ಲಿ ಬಿಳಿ ಗಸಿ ಕಾಣುತ್ತದೆ. ‘ನನಗೆ ವಿಷ ಹಾಕುತ್ತಿದ್ದಾರೆ’ ಎಂಬುದು ಅಲ್ಲಿಯವರೆಗೆ ರೋಗದ ಲಕ್ಷಣವಾಗಿತ್ತು, ಅಂದಿನಿಂದ ಅವರ ಪಾಲಿಗೆ ನಿಜವಾಗುತ್ತದೆ. ಆಮೇಲೆ ತಾಯಿಯ ಕೈಯ ಮುದ್ದೆಯನ್ನೂ ಮುಟ್ಟುವುದಿಲ್ಲ.

ಮನೆಯವರನ್ನು ಗದರಬೇಡಿ. ಮನೆಯಲ್ಲಿ ಎರಡು ವರ್ಷ ಹಾಗೆ ಕೊಟ್ಟು ಮಗನನ್ನು ಬೀದಿ ಪಾಲಾಗದಂತೆ ಉಳಿಸಿಕೊಂಡ ತಾಯಂದಿರನ್ನು ಕಂಡಿದ್ದೇನೆ, ಅವರಿಗೆ ನೀತಿಪಾಠ ಹೇಳುವ ಧೈರ್ಯ ನನಗಿಲ್ಲ. ‘ಮಾತ್ರೆ ಯಾಕೆ ಬೇಡ’ ಎಂದು ರೋಗಿಯನ್ನೇ ಕೇಳಿ ನೋಡಿ. ನಡುಕ ಬರುತ್ತದೆ, ಬಾಯಿ ಒಣಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ ಎಂಬಂಥ ಕಾರಣ ಬಹಳ ಸಲ ಸಿಗುತ್ತದೆ, ಅದಕ್ಕೆ ಪರಿಹಾರ ಇರುತ್ತದೆ. ಔಷಧ ಬದಲಿಸುವುದೋ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿಗೆ ಹೋಗುವುದೋ ಎಂದು ಮನೋವೈದ್ಯರು ಅವರ ಜೊತೆ ಕುಳಿತು ಮಾತಾಡಲಿ.

ಆ ಯುವಕ ಇನ್ನೂ ನಿಮ್ಮ ವಾರ್ಡಿನಲ್ಲೇ ಇದ್ದರೆ, ಕಟ್ಟಿದ ಬಗ್ಗೆ ಅವನೊಡನೆ ಯಾರಾದರೂ ಮಾತಾಡಿದ್ದಾರೆಯೇ? ರೆಸ್ಟ್ರೇಂಟ್ ಆದ ಮೇಲೆ ಏನಾಯಿತೆಂದು ರೋಗಿಯೊಡನೆ ಕುಳಿತು ಮಾತಾಡುವುದು ಶುಶ್ರೂಷೆಯ ಭಾಗ. ನೀವೇ ಮಾಡುವುದು ಈಗ ಸರಿಯಾಗದಿದ್ದರೆ ಬೇರೆ ಸಿಸ್ಟರ್ ಮಾಡಲಿ, ಗಾಯಕ್ಕೆ ಡ್ರೆಸಿಂಗ್ ಆಗಲಿ, ಅದೂ ದಾಖಲಾಗಲಿ. ಹಾಗೆಯೇ ಈ ವಾರವೇ ಆಡಳಿತಾಧಿಕಾರಿಗೆ ಒಂದು ಪುಟದ ಅರ್ಜಿ ಕೊಡಿ: ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಬೇಕು, ಕನ್ಸಲ್ಟೆಂಟ್ ಮನೋವೈದ್ಯರ ಮೊಬೈಲ್ ಸಂಖ್ಯೆ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಬೇಕು, ರೆಸ್ಟ್ರೇಂಟಿಗೆ ಪ್ರತ್ಯೇಕ ರಿಜಿಸ್ಟರ್ ಮತ್ತು ಹತ್ತಿಯ ಪಟ್ಟಿಗಳು ಬೇಕು. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ, ಲಾಕರಿನಲ್ಲಲ್ಲ.